ಮಲಗುವ ಕೋಣೆ ಖಾಲಿ ಮಾಡಿ ಹೊಸದಾಗಿ ಒಪ್ಪ ಮಾಡೋದು: ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮಲಗುವ ಕೋಣೆ ಅಂದರೆ ಅರ್ಧ ಉಗ್ರಾಣ. ತಿಜೋರಿ ಮೇಲೆ ಸೂಟ್‌ಕೇಸ್, ಪಲಂಗದ ಕೆಳಗೆ ಟ್ರಂಕು, ಬಾಗಿಲ ಹಿಂದೆ ಮೊಳೆಗೊಂದು ಚೀಲ. ಮನೆ ಒಪ್ಪ ಮಾಡಿಕೊಡೋದು ನನ್ನ ಕೆಲಸ. ಹೋದಲ್ಲೆಲ್ಲ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಣೆ ಚಂದ ಕಾಣಲು ಬೇಕಾದ್ದು ಬಹಳಷ್ಟು ನಿಮ್ಮ ಟ್ರಂಕಿನಲ್ಲೇ ಇದೆ. ಅದನ್ನು ಹೊರಗೆ ತೆಗೆದು ಬಳಸಿ. ನಿಮ್ಮ ಬಳಕೆಗೆ ಬಾರದ್ದನ್ನು ಬಳಸುವವರ ಕೈಗೆ ಕೊಡಿ. ಅಂಗಡಿಗೆ ಹೋಗೋದು ಆಮೇಲೆ.

ಎಲ್ಲಿಂದ ಶುರು ಮಾಡಬೇಕು? ರಾಶಿ ನೋಡಿದರೇನೇ ಕೈಕಾಲು ಸೋಲುತ್ತವೆ.

ಪಲಂಗದ ಕೆಳಗಿನಿಂದ. ಅಲ್ಲಿರೋದು ಯಾರೂ ಹುಡುಕದ ಸಾಮಾನು. ಹಿಡಿಕೆ ಕಿತ್ತ ಬ್ಯಾಗು, ಟಿವಿ ಬಂದ ರಟ್ಟಿನ ಡಬ್ಬಿ, ಕೆಟ್ಟ ಇಸ್ತ್ರಿ ಪೆಟ್ಟಿಗೆ. ಇವುಗಳ ಮೇಲೆ ಯಾರಿಗೂ ಜೀವ ಇರಲ್ಲ, ತೀರ್ಮಾನ ಬೇಗ ಆಗುತ್ತದೆ. ಆಮೇಲೆ ತಿಜೋರಿಯ ತಲೆ, ಆಮೇಲೆ ಬಾಗಿಲ ಹಿಂದು. ಬಟ್ಟೆ ಅದರ ನಂತರ. ಫೋಟೋ, ಹಳೆ ಪತ್ರ, ಮಕ್ಕಳ ಸಣ್ಣ ಅಂಗಿ ಕಟ್ಟಕಡೆಗೆ. ಆಲ್ಬಮ್ ಮೊದಲೇ ತೆರೆದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು.

ದಿನಕ್ಕೆ ಒಂದೇ ಜಾಗ ಹಿಡಿಯಿರಿ. ಇಡೀ ಕೋಣೆ ಒಮ್ಮೆಗೇ ಹೊರಗೆ ಹಾಕಿದರೆ ರಾತ್ರಿ ಮಲಗಲಿಕ್ಕೂ ಜಾಗ ಇರಲ್ಲ, ಕೊನೆಗೆ ಎಲ್ಲ ಸುಮ್ನೆ ಒಳಗೆ ತುರುಕೋದೇ ಆಗುತ್ತದೆ. ಪೂರ್ತಿ ಖಾಲಿ ಮಾಡಬೇಕಾದ್ದು ಬಣ್ಣ ಹಚ್ಚುವಾಗ ಮಾತ್ರ.

ಪ್ಲಾಸ್ಟಿಕ್ ಬುಟ್ಟಿ, ಡಬ್ಬಿ ಯಾವುದನ್ನೂ ಈಗ ಕೊಳ್ಳಬೇಡಿ. ಏನು ಉಳಿಯುತ್ತದೆ ಅಂತ ಗೊತ್ತಾಗುವ ಮೊದಲೇ ತಂದ ಡಬ್ಬಿ ಇನ್ನೊಂದು ಸಾಮಾನು ಅಷ್ಟೇ.

ವರ್ಷದಲ್ಲಿ ಯಾವ ಹೊತ್ತು ಒಳ್ಳೆಯದು?

ಬಟ್ಟೆ-ಹಾಸಿಗೆಯ ಕೆಲಸಕ್ಕೆ ಮಹಾನವಮಿ ಮುಂಚಿನ ದಿನಗಳು. ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ-ಹೊದಿಕೆ ಎಲ್ಲ ಒಗೆಯುವ ರೂಢಿ ನಮ್ಮಲ್ಲಿ ಹೇಗೂ ಇದೆ. ಮಳೆಗಾಲದ ತಂಪು ಕುಡಿದ ಬಟ್ಟೆಗೆ ಆಗ ಬಿಸಿಲು ಬೇಕೇ ಬೇಕು. ಹೇಗೂ ಎಲ್ಲ ಹೊರಗೆ ಬಂದಿರುತ್ತದೆ, ಒಣಗಿದ್ದನ್ನೆಲ್ಲ ಹಾಗೇ ಒಳಗೆ ಇಡದೆ ಒಂದೊಂದೇ ನೋಡಿ ಇಡಿ.

ಬಣ್ಣದ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನಿಂದ ಮೇ ಮೊದಲ ವಾರದವರೆಗೆ. ದೀಪಾವಳಿ ಮುಂಚೆಯೇ ಆಗಬೇಕು ಅಂತ ಎಲ್ಲರಿಗೂ ಆಸೆ. ಆದರೆ ಮಳೆ ಈಗಷ್ಟೇ ನಿಂತ ಗೋಡೆ ಒಳಗಿನಿಂದ ಒಣಗಿರುವುದಿಲ್ಲ. ಮೇಲೆ ಬಣ್ಣ ಹಚ್ಚಿದರೆ ಬೇಸಿಗೆಗೆ ಸಿಪ್ಪೆ ಏಳುತ್ತದೆ. ಧಾರವಾಡದ ಕಡೆ ಮಳೆ ಜಾಸ್ತಿ, ಅಲ್ಲಿನವರು ಇನ್ನೂ ಸ್ವಲ್ಪ ತಡೆದರೆ ಒಳ್ಳೆಯದು.

ಇನ್ನೊಂದು ಮಾತು ಹೊರಗಿನವರಿಗೆ ಹೊಳೆಯಲ್ಲ. ಒಗೆಯುವ ದಿನ ನಿಮ್ಮ ಓಣಿಗೆ ನಲ್ಲಿ ನೀರು ಬರುವ ದಿನವೇ ಇರಲಿ. ಐದಾರು ಹೊದಿಕೆ ನೆನೆಹಾಕಿದ ಮೇಲೆ ಬ್ಯಾರಲ್ ಬರಿದಾದರೆ ಕಷ್ಟ.

ಅತ್ತೆಯವರು ಏನೂ ಹೊರಗೆ ಹಾಕಲು ಬಿಡುವುದಿಲ್ಲ. ಏನು ಮಾಡಲಿ?

“ಇರಲಿ ಬಿಡವಾ, ಎಂದರ ಬೇಕಾಗ್ತೈತಿ” ಅನ್ನುವ ಮಾತನ್ನು ಹಗುರವಾಗಿ ತಗೊಳ್ಳಬೇಡಿ. ಒಂದು ಸೀರೆ ಹರಿದರೆ ಇನ್ನೊಂದಕ್ಕೆ ವರ್ಷ ಕಾದವರ ಮಾತು ಅದು. ಅವರು ಕೂಡಿಟ್ಟದ್ದರಿಂದಲೇ ಮನೆ ನಡೆದಿದೆ.

ಅವರು ಇಲ್ಲದಾಗ ಏನನ್ನೂ ಸಾಗಿಸಬೇಡಿ. ಒಮ್ಮೆ ಹಾಗಾದರೆ ಆಮೇಲೆ ಅವರು ಪ್ರತಿ ಚಿಂದಿಯನ್ನೂ ಕಾಯುತ್ತಾರೆ. ಬದಲಿಗೆ ಕೂರಿಸಿಕೊಂಡು ಕೇಳಿ: “ಅತ್ತಿ, ಇದು ಯಾರಿಗೆ ಕೊಟ್ಟರ ಚಲೋ?” ಎಸೆಯಲೇ ಅಂತ ಕೇಳಿದರೆ ಬೇಡ ಅನ್ನುವವರು, ಯಾರಿಗೆ ಕೊಡೋಣ ಅಂದರೆ ತಾವೇ ಹೆಸರು ಹೇಳುತ್ತಾರೆ. ಹಿರಿಯರಿಗೆ ಒಂದು ಟ್ರಂಕು ಪೂರ್ತಿ ಅವರದೇ ಅಂತ ಬಿಟ್ಟುಕೊಡಿ. ಅದರೊಳಗೆ ಏನಿದೆ ಅಂತ ಯಾರೂ ಕೇಳಬಾರದು. ಆ ಟ್ರಂಕಿನ ಮುಚ್ಚಳ ಹಾಕುವಷ್ಟು ಉಳಿದರೆ ಸಾಕು.

ಉಡದ ಸೀರೆಗಳ ರಾಶಿ ಇದೆ. ಕೊಡಲು ಮನಸ್ಸಿಲ್ಲ, ಇಡಲು ಜಾಗವಿಲ್ಲ.

ಮೂರು ಗುಂಪು ಮಾಡಿ. ಉಡುವ ಸೀರೆ, ನೆನಪಿನ ಸೀರೆ, ಬರೀ ಬಂದ ಸೀರೆ. ಮೂರನೆಯದೇ ದೊಡ್ಡದು. ಮದುವೆ, ಸೀಮಂತ, ಗೃಹಪ್ರವೇಶದಲ್ಲಿ ಉಡಿ ತುಂಬುವಾಗ ಬಂದವು. ಅವನ್ನು ಮಡಿಕೆ ಬಿಚ್ಚದೆ ಬಿಟ್ಟಷ್ಟೂ ಮಡಿಕೆ ಸಾಲಿನಲ್ಲೇ ಹರಿಯುತ್ತವೆ. ಉಡುವವರಿಗೆ ಈಗಲೇ ಕೊಡಿ.

ನೆನಪಿನ ಸೀರೆಯ ವಿಷಯ ಬೇರೆ. ಇಳಕಲ್ ಸೀರೆ, ಅದರಲ್ಲೂ ಕಸೂತಿ ಹಾಕಿದ್ದು ಇದ್ದರೆ ಒಮ್ಮೆ ಬಿಡಿಸಿ ಹತ್ತಿರದಿಂದ ನೋಡಿ. ಇಳಕಲ್ಲಿನಲ್ಲಿ ಸೆರಗಿನ ನೂಲು ಬೇರೆ, ಮೈಯ ನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹಳೆ ಸೀರೆಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಆ ಸೇರುವ ಸಾಲೇ. ಹಾಗಾಗಿ ಆ ಸಾಲಿನ ಮೇಲೆ ಮಡಿಕೆ ಬೀಳದಂತೆ ಮಡಚಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ. ಗಂಟಿಲ್ಲದ ದಾರ ಎಲ್ಲಾದರೂ ಸಿಕ್ಕಿ ಎಳೆದರೆ ತೇರು, ಗೋಪುರ, ನವಿಲು ಸಾಲುಸಾಲೇ ಬಿಚ್ಚಿಕೊಳ್ಳುತ್ತದೆ. ಬಳೆ, ಪಿನ್ನು, ಹ್ಯಾಂಗರ್ ಕೊಕ್ಕೆಯಿಂದ ದೂರ ಇಡಿ. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಹಾಸಿ.

ಎಲ್ಲ ರೇಷ್ಮೆ ಸೀರೆಗೂ ಹಳೆ ಬಿಳಿ ಧೋತರದ ತುಂಡು ಸುತ್ತಿ ಇಡಿ, ಪ್ಲಾಸ್ಟಿಕ್ ಕವರ್ ಬೇಡ. ಪ್ಲಾಸ್ಟಿಕ್ಕಿನಲ್ಲಿ ತೇವ ಒಳಗೇ ಉಳಿಯುತ್ತದೆ, ಜರಿ ಕಪ್ಪಾಗುತ್ತದೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಬೇರೆ ಸಾಲಿನಲ್ಲಿ ಮಡಚಿ.

ಮನಸ್ಸು ಒಪ್ಪಿದರೆ ಒಂದು ಕೆಲಸ ಮಾಡಿ. ಮೈ ಪೂರ್ತಿ ಹೋಗಿ ಅಂಚು-ಸೆರಗು ಮಾತ್ರ ಗಟ್ಟಿ ಉಳಿದ ಇಳಕಲ್ ಸೀರೆ ಇದ್ದರೆ, ಆ ಅಂಚನ್ನು ಬಿಳಿ ಖಾದಿ ಪರದೆಯ ಕೆಳಗೆ ಹೊಲಿಸಿ. ಕೆಂಪು ಸೆರಗನ್ನು ತಲೆದಿಂಬಿನ ಚೀಲ ಮಾಡಿಸಿ. ಗಟ್ಟಿ ಇರುವ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ.

ನುಸಿ ಬರದಂತೆ ಡಾಂಬರು ಗುಳಿಗೆ ಹಾಕಬಹುದೇ?

ಮನೆಯಲ್ಲಿ ಹಸುಗೂಸು ಇದ್ದರೆ ಬೇಡವೇ ಬೇಡ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಡಾಂಬರು ಗುಳಿಗೆಯ ಜೊತೆ ಇಟ್ಟ ಬಟ್ಟೆ ಹಾಕಿದರೆ, ಆ ಹೊದಿಕೆ ಹೊದಿಸಿದರೆ, ರಕ್ತದ ಕೆಂಪು ಕಣ ಒಡೆದು ಕಾಮಾಲೆ ಏರಬಹುದು. ಬಾಣಂತಿ ಕೋಣೆಗೆ ಟ್ರಂಕಿನಿಂದ ಹಳೆ ಬಟ್ಟೆ ತೆಗೆಯುವ ರೂಢಿ ನಮ್ಮಲ್ಲಿ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ, ಆಗಾಗ ಬದಲಿಸಿ. ಎಲ್ಲಕ್ಕಿಂತ ಬಿಸಿಲು, ಗಾಳಿ ಮೇಲು.

ಹಳೆ ಕೌದಿಗಳನ್ನು ಏನು ಮಾಡೋದು? ಮಕ್ಕಳು ರಗ್ಗು ಕೇಳುತ್ತಾರೆ.

ದಯವಿಟ್ಟು ಕೌದಿ ಎಸೆಯಬೇಡಿ. ಯಾವ ಅಂಗಡಿಯಲ್ಲೂ ಅಂಥದ್ದು ಇನ್ನೊಂದು ಸಿಗಲ್ಲ. ಅದರಲ್ಲಿ ಅಜ್ಜಿಯ ಸೀರೆ, ಅಜ್ಜನ ಧೋತರ, ಯಾರದೋ ಕುಪ್ಪಸದ ತುಂಡು ಇದೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತಾ ನಡುವಿಗೆ ಬಂದಿರುತ್ತದೆ. ಬೆರಳು ಆಡಿಸಿದರೆ ದಾರದ ಸಾಲು ಒಂದೊಂದೂ ಕೈಗೆ ಹತ್ತುತ್ತದೆ. ಹಳೆ ಹತ್ತಿ ಬಟ್ಟೆ ಪದರ ಪದರವಾಗಿ ಇರೋದರಿಂದ ಬೆವರು ಹೀರುತ್ತದೆ. ನಮ್ಮ ಬೇಸಿಗೆಗೆ ಹಾಸಲು, ಚಳಿಗೆ ಹೊದೆಯಲು ಎರಡಕ್ಕೂ ಆಗುತ್ತದೆ. ಪಾಲಿಯೆಸ್ಟರ್ ರಗ್ಗು ಏಪ್ರಿಲ್‌ನಲ್ಲಿ ಮೈಗೆ ತಾಗಿಸಲಿಕ್ಕೂ ಆಗಲ್ಲ.

ಕೋಣೆಯಲ್ಲಿ ಅದಕ್ಕೆ ಕಣ್ಣಿಗೆ ಬೀಳುವ ಜಾಗ ಕೊಡಿ. ಬಿಳಿ ಅಥವಾ ಒಂದೇ ಬಣ್ಣದ ಚಾದರ್ ಹಾಸಿ, ಕಾಲ ಕಡೆಗೆ ಕೌದಿ ಮಡಚಿ ಹಾಕಿ. ಹೂವಿನ ಚಾದರ್, ಹೂವಿನ ಪರದೆ, ಮೇಲೆ ಕೌದಿ ಅಂದರೆ ಕಣ್ಣಿಗೆ ಗದ್ದಲ. ಕೌದಿ ಇರುವ ಕೋಣೆಯಲ್ಲಿ ಬೇರೆ ಎಲ್ಲ ಸಾದಾ ಇರಲಿ. ಆಗ ಮಕ್ಕಳೂ ಅದನ್ನು ಕೇಳಿ ಹೊದೆಯುತ್ತಾರೆ.

ಒಗೆಯಲು ವಾಶಿಂಗ್ ಮಷಿನ್ ಬೇಡ. ನೀರು ಕುಡಿದ ಕೌದಿ ಬಹಳ ಭಾರ, ಮಷಿನ್ ಅಕ್ಷಕ್ಕೂ ಪೆಟ್ಟು, ಹೊಲಿಗೆಗೂ ಪೆಟ್ಟು. ಸೋಪಿನ ನೀರಿನಲ್ಲಿ ನೆನೆಸಿ ಕಾಲಲ್ಲಿ ತುಳಿದು ಒಗೆಯಿರಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ಭಾರಕ್ಕೆ ಹೊಲಿಗೆ ಹರಿಯುತ್ತದೆ, ಮಾಳಿಗೆಯ ಗೋಡೆ ಮೇಲೆ ಹರವಿ. ಹರಿದದ್ದಕ್ಕೆ ಮೇಲೆ ಹೊಸ ಪದರ ಹಾಕಿಸಬಹುದು. ಓಣಿಗೆ ಬಂದು ಕಟ್ಟೆ ಮೇಲೆ ಕೂತು ಹೊಲಿಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಅವರ ಜೊತೆ ಚೌಕಾಸಿ ಮಾಡಬೇಡಿ. ಆ ಕೆಲಸಕ್ಕೆ ಹಿಡಿಯುವ ಹೊತ್ತು ಎಷ್ಟು ಅಂತ ಪಕ್ಕದಲ್ಲಿ ಕೂತು ನೋಡಿದರೆ ತಿಳಿಯುತ್ತದೆ.

ಹತ್ತಿ ಗಾದಿ ಇಟ್ಟುಕೊಳ್ಳಲೇ, ಹೊಸ ಫೋಮ್ ಗಾದಿ ತರಲೇ?

ಹತ್ತಿ ಒಳ್ಳೆಯದಿದ್ದರೆ ಇಟ್ಟುಕೊಳ್ಳಿ. ಗಡ್ಡೆ ಕಟ್ಟಿದ್ದನ್ನು ಪಿಂಜಿಸಿ, ಹೊಸ ಹೊದಿಕೆ ಹಾಕಿಸಿದರೆ ಮತ್ತೆ ವರ್ಷಗಟ್ಟಲೆ ಬರುತ್ತದೆ. ಹುಬ್ಬಳ್ಳಿ ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು, ಗಾದಿ ಮಾಡುವವರಿಗೆ ಇಲ್ಲಿ ಕೊರತೆ ಇಲ್ಲ. ಬಿಸಿಲಿಗೆ ಹಾಕಲು ಮಾಳಿಗೆ ಇಲ್ಲದ ಅಪಾರ್ಟ್‌ಮೆಂಟಿನವರಿಗೆ, ಎತ್ತಲು ಆಗದ ವಯಸ್ಸಾದವರಿಗೆ ಮಾತ್ರ ಫೋಮ್ ಅಥವಾ ಕಾಯರ್ (ತೆಂಗಿನ ನಾರು) ಸರಿ.

ತಿಗಣಿ ಕಂಡ ಗಾದಿಯನ್ನು ಯಾರಿಗೂ ಕೊಡಬೇಡಿ. ಬರೀ ಬಿಸಿಲಿಗೆ ಹಾಕಿದರೆ ಎಲ್ಲ ತಿಗಣಿ ಸಾಯಲ್ಲ, ಒಳಗಿನ ತಂಪಿಗೆ ಸರಿಯುತ್ತವೆ. ಮಂಚದ ಸಂದಿ, ಗೋಡೆಯ ಬಿರುಕು ಎಲ್ಲ ಸೇರಿಸಿ ಔಷಧಿ ಹೊಡೆಸಬೇಕು.

ಬೇಡವಾದ್ದನ್ನು ಎಲ್ಲಿಗೆ ಕೊಡಬೇಕು?

ಪೇಪರು, ಪುಸ್ತಕ ರದ್ದಿಯವರಿಗೆ. ಕಬ್ಬಿಣ, ಪ್ಲಾಸ್ಟಿಕ್ ಮೋಡಕಾದವರಿಗೆ, ಅಂದರೆ ಗುಜರಿಯವರಿಗೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ. ಅವರ ಕಡೆ ಕೊಡುವುದಾದರೆ ಮನೆಗೆ ನಿಜವಾಗಿ ಬೇಕಾದ ಒಂದು ಪಾತ್ರೆ ತಗೊಳ್ಳಿ, ಇಲ್ಲದಿದ್ದರೆ ಮಲಗುವ ಕೋಣೆಯ ರಾಶಿ ಅಡುಗೆಮನೆಗೆ ಹೋದಂತಾಗುತ್ತದೆ. ಅವಧಿ ಮುಗಿದ ಮಾತ್ರೆ, ಕೆಟ್ಟ ಬ್ಯಾಟರಿ, ಟ್ಯೂಬ್‌ಲೈಟನ್ನು ಮಹಾನಗರ ಪಾಲಿಕೆಯ ಕಸದ ಗಾಡಿಗೆ ಕೊಡುವಾಗ ಬೇರೆ ಚೀಲದಲ್ಲಿ ಕಟ್ಟಿ, ಏನಿದೆ ಅಂತ ಬಾಯಿಂದ ಹೇಳಿ. ಕಸ ಬೇರ್ಪಡಿಸುವವರ ಕೈ ಕುಯ್ಯಬಾರದು.

ಹಾಸಿಗೆ ಕೆಳಗೆ, ತಿಜೋರಿಯಲ್ಲಿ ತುಂಬಿದ ಕಾಗದಪತ್ರ?

ಮನೆ, ಹೊಲದ ಖರೀದಿ ಪತ್ರ, ಉತಾರ (ಪಹಣಿ), ವಾಟ್ನಿ ಪತ್ರ (ಆಸ್ತಿ ಪಾಲು ಪತ್ರ), ಸಿಟಿ ಸರ್ವೇ ಕಾಗದ, ಜನನ-ಮರಣ ದಾಖಲೆ, ಅಂಕಪಟ್ಟಿ: ಇವು ಎಂದಿಗೂ ಉಳಿಯಬೇಕು. ಒಂದೇ ಫೈಲ್, ಒಂದೇ ಜಾಗ, ಮನೆಯ ಇಬ್ಬರಿಗೆ ಗೊತ್ತಿರಲಿ. ಲ್ಯಾಮಿನೇಶನ್ ಮಾಡಿಸಬೇಡಿ, ಮೂಲ ಪತ್ರದ ಮುದ್ರೆ, ಸಹಿ ಪರೀಕ್ಷಿಸಲು ತೊಂದರೆ ಆಗುತ್ತದೆ. ಮನೆ ಕರದ ರಶೀದಿ ಇಟ್ಟುಕೊಳ್ಳಿ. ತುಂಬಿ ತೀರಿದ ಹೆಸ್ಕಾಂ ಕರೆಂಟ್ ಬಿಲ್ಲು, ಕೆಟ್ಟ ಮಿಕ್ಸರಿನ ಗ್ಯಾರಂಟಿ ಕಾರ್ಡು, ಹಳೆ ಮದುವೆ ಆಮಂತ್ರಣ ರದ್ದಿಗೆ. ಆಧಾರ್ ನಕಲು ಮಾತ್ರ ಸಣ್ಣಗೆ ಹರಿದು ಹಾಕಿ.

ಗೋಡೆಯಲ್ಲಿ ಬಿರುಕು. ಪ್ರತಿ ಸಲ ಪುಟ್ಟಿ ಹಾಕಿಸುತ್ತೇವೆ, ಮತ್ತೆ ಬರುತ್ತದೆ.

ಹುಬ್ಬಳ್ಳಿ, ನವಲಗುಂದ, ಕುಂದಗೋಳ, ಗದಗ ಕಡೆಯ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗೆ ಇದು ದೊಡ್ಡ ತಲೆನೋವು. ಎರೆ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಬೇಸಿಗೆ ಹೊಲದಲ್ಲಿ ಕಾಲು ತೂರುವಂಥ ಬಿರುಕು ನೋಡಿದ್ದೀರಿ ಅಲ್ವಾ, ಅದೇ ಮಣ್ಣು ನಿಮ್ಮ ಬುನಾದಿಯ ಕೆಳಗೂ ಇದೆ. ಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಗೋಡೆ ಮಣ್ಣಿನ ಜೊತೆ ಅಲುಗುತ್ತದೆ. ಪುಟ್ಟಿ ಗಟ್ಟಿ ಪದಾರ್ಥ, ಅಲುಗಾಟಕ್ಕೆ ಸೀಳುತ್ತದೆ.

ಮೊದಲು ಬಿರುಕು ಇನ್ನೂ ಬೆಳೆಯುತ್ತಿದೆಯೇ ನೋಡಿ. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಅಡ್ಡಲಾಗಿ ತೆಳುವಾಗಿ ಸಿಮೆಂಟ್ ಹಚ್ಚಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗೆರೆ ದಾಟಿಲ್ಲ, ಸಿಮೆಂಟ್ ಸೀಳಿಲ್ಲ ಅಂದರೆ ಅದು ಸುಮ್ಮನಾದ ಬಿರುಕು. ಅದನ್ನು ಸ್ವಲ್ಪ ಅಗಲಿಸಿ, ಧೂಳು ತೆಗೆದು, ಎಳೆದರೆ ಹಿಗ್ಗುವ ಕ್ರ್ಯಾಕ್ ಫಿಲ್ಲರ್ ತುಂಬಿಸಿ, ಮೇಲೆ ಜಾಲರಿ ಪಟ್ಟಿ ಅಂಟಿಸಿ ಬಣ್ಣ ಹಚ್ಚಿಸಿ. ಬೆಳೆಯುತ್ತಿದ್ದರೆ, ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೇರುತ್ತಿದ್ದರೆ, ಗೋಡೆಯ ಎರಡೂ ಬದಿಗೆ ಕಾಣುತ್ತಿದ್ದರೆ ಬಣ್ಣದವರನ್ನಲ್ಲ, ಎಂಜಿನಿಯರನ್ನು ಕರೆಯಿರಿ. ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಂಡರೆ, ಗೋಡೆಗೆ ತಾಗಿ ದೊಡ್ಡ ಗಿಡ ಬೆಳೆಸದಿದ್ದರೆ ಅರ್ಧ ತೊಂದರೆ ಕಡಿಮೆ.

ಅಂಥ ಗೋಡೆಯ ಬಿರುಕನ್ನು ವಾಲ್‌ಪೇಪರ್ ಹಚ್ಚಿ ಮುಚ್ಚಬೇಡಿ. ಕಣ್ಣಿಗೆ ಕಾಣುತ್ತಿರಲಿ.

ತಿಜೋರಿ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿದೆ.

ಗೋಡೆಗೂ ತಿಜೋರಿಗೂ ನಡುವೆ ಮೂರು-ನಾಲ್ಕು ಇಂಚು ಗಾಳಿ ಆಡಲು ಬಿಡಿ. ಆಮೇಲೆ ತೇವ ಎಲ್ಲಿಂದ ಅಂತ ತಿಳಿಯಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆ ಕಡೆಯ ಬದಿಗೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಆಚೆ ಕಡೆಯ ಬಚ್ಚಲಿನ ಪೈಪು, ಮಾಳಿಗೆ, ಇಲ್ಲವೇ ನೆಲ. ಕೋಣೆ ಕಡೆಯ ಬದಿಗೆ ಹನಿ ಇದ್ದರೆ ಗಾಳಿ ಸಾಲದು ಅಷ್ಟೇ, ಕಿಟಕಿ ತೆರೆಯಿರಿ. ಒಳಗಿನ ಸೋರಿಕೆ ನಿಲ್ಲಿಸದೆ ಹಚ್ಚಿದ ಬಣ್ಣ ಯಾವ ಕಂಪನಿಯದ್ದಾದರೂ ಉಳಿಯಲ್ಲ.

ಯಾವ ಬಣ್ಣ? ಎಷ್ಟು ಬೇಕು?

10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಅಂದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಎಮಲ್ಷನ್ ಒಂದು ಲೀಟರಿಗೆ ಎರಡು ಕೋಟ್ ಹಚ್ಚಿದರೆ ಸುಮಾರು 60-70 ಚದರ ಅಡಿ ಬರುತ್ತದೆ. ಅಂದರೆ ಗೋಡೆಗೆ ಆರೇಳು ಲೀಟರು, ಚಾವಣಿಗೆ ಇನ್ನೆರಡು. ಪೇಂಟರ್ ಇದರ ಎರಡು ಪಟ್ಟು ಕೇಳಿದರೆ ಯಾಕೆ ಅಂತ ಕೇಳಿ.

ಚಾವಣಿ ಬಿಳಿ ಇರಲಿ. ಗೋಡೆಗೆ ಅಪ್ಪಟ ಬಿಳಿ ಹುಬ್ಬಳ್ಳಿಯ ಧೂಳಿಗೆ ಸರಿಹೋಗಲ್ಲ. ಕೆನೆ, ತಿಳಿ ಮಣ್ಣಿನ ಬಣ್ಣ, ಬೂದು ಬೆರೆತ ಹಸಿರು ಚಂದ. ಶಹಾಬಾದ್ ಕಲ್ಲಿನ ನೆಲ ಇದ್ದರೆ ಕೆನೆ ಬಣ್ಣ ಬಹಳ ಒಪ್ಪುತ್ತದೆ. ಕಾರ್ಡಿನಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢ ಕಾಣುತ್ತದೆ. ಸಣ್ಣ ಡಬ್ಬಿ ತಂದು ಎರಡಡಿ ಚೌಕ ಹಚ್ಚಿ, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ರಾತ್ರಿ ನೋಡಿದ್ದೇ ಮುಖ್ಯ, ಆ ಕೋಣೆಯಲ್ಲಿ ನೀವು ಇರೋದು ಆಗಲೇ.

ಹಳೆ ಬಾಗಿಲು-ಕಿಟಕಿಯ ಆಯಿಲ್ ಪೇಂಟ್ ಒಣಗಿದ್ದಂತೆಯೇ ಉಜ್ಜಿಸಬೇಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಳೆಯ ಬಣ್ಣದಲ್ಲಿ ಜಾಸ್ತಿ ಇರಬಹುದು. ನೀರು ಹಚ್ಚಿ ಉಜ್ಜಿಸಿ, ಮಕ್ಕಳು, ಬಸುರಿಯರು ಆ ದಿನ ಬೇರೆ ಕಡೆ ಇರಲಿ.

ಪಲಂಗ ಯಾವ ಕಡೆ?

ಉತ್ತರಕ್ಕೆ ತಲೆ ಹಾಕಬಾರದು ಅಂತ ಹಿರಿಯರು ಹೇಳುತ್ತಾರೆ. ಪೂರ್ವ, ದಕ್ಷಿಣ ಎರಡು ದಿಕ್ಕು ಉಳಿದೇ ಇರುತ್ತವೆ, ಅವರ ಮಾತು ನಡೆಸಿ. ಪಡುವಣ ಕಿಟಕಿಗೆ ತಾಗಿ ತಲೆ ಬೇಡ. ಜೂನ್‌ನಿಂದ ಎರಚಲು ಆ ಕಡೆಯಿಂದಲೇ, ಬೇಸಿಗೆ ಸಂಜೆಯ ಕಾವೂ ಅಲ್ಲಿಂದಲೇ. ಆ ಕಿಟಕಿಗೆ ದಪ್ಪ ಹತ್ತಿ ಪರದೆ ಹಾಕಿ, ಮಧ್ಯಾಹ್ನ ಮುಚ್ಚಿ, ಸಂಜೆ ತೆರೆಯಿರಿ.

ನೆಲಕ್ಕೆ ಏನು ಹಾಸಲಿ?

ನವಲಗುಂದದ ಜಮಖಾನ. ನಮ್ಮದೇ ಜಿಲ್ಲೆಯ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುವಂಥದ್ದು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂದಿದೆ. ಪಗಡೆ ಹಾಸು, ನವಿಲು ಅದರ ಹೆಸರಾದ ಚಿತ್ತಾರ. ಗಟ್ಟಿ ಬಣ್ಣಗಳು, ಹಾಗಾಗಿ ಗೋಡೆ ಸಾದಾ ಇದ್ದಲ್ಲಿ ಇದೊಂದೇ ಸಾಕು. ಕೊಡವಿ ಬಿಸಿಲಿಗೆ ಹಾಕಬಹುದು, ಮಡಚಿ ಇಡಬಹುದು. ನೇಯುವ ಕೈಗಳು ಈಗ ಕಡಿಮೆ ಆಗಿವೆ. ಒಂದು ಕೊಳ್ಳುವ ಶಕ್ತಿ ಇದ್ದರೆ ನೇಯ್ದವರಿಂದಲೇ ಕೊಳ್ಳಿ.

ಚಾದರ್, ಪರದೆಗೆ ಖಾದಿ ನೋಡಿ. ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ, ಒಳ್ಳೆ ಖಾದಿಗೆ ದೂರ ಹುಡುಕಬೇಕಾಗಿಲ್ಲ.

ದೀಪ?

ಚಾವಣಿಯ ಒಂದು ಬಿಳಿ ಟ್ಯೂಬ್‌ಲೈಟ್ ಕೆಲಸಕ್ಕೆ. ಮಲಗುವ ಮೊದಲು ಹಳದಿ ಛಾಯೆಯ 9 ವಾಟಿನ ಎಲ್‌ಇಡಿ, ಡಬ್ಬಿ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುತ್ತದೆ. ಸ್ವಿಚ್ಚು ಮಲಗಿದಲ್ಲಿಂದ ಕೈಗೆ ಸಿಗಬೇಕು.

ಬಾಡಿಗೆ ಮನೆ. ಮೊಳೆ ಹೊಡೆಯುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ.

ಹಾಸಿಗೆ, ಪರದೆ, ನೆಲ, ದೀಪ. ಈ ನಾಲ್ಕು ನಿಮ್ಮ ಕೈಯಲ್ಲೇ ಇವೆ, ಮನೆ ಬಿಡುವಾಗ ಜೊತೆಗೆ ಬರುತ್ತವೆ. ಹಳೆ ಮನೆಯಾದರೆ ಗೋಡೆಯಲ್ಲಿ ಗೂಡು ಇರುತ್ತದೆ, ಕಡಪಾ ಕಲ್ಲಿನ ಶೆಲ್ಫ್ ಇರುತ್ತದೆ. ಅದರ ಮುಂದೆ ಹಳೆ ಸೀರೆಯ ಪರದೆಯನ್ನು ಸ್ಪ್ರಿಂಗ್ ದಾರಕ್ಕೆ ಪೋಣಿಸಿದರೆ ಕಪಾಟಾಯಿತು. ಟ್ರಂಕನ್ನು ಪಲಂಗದ ಪಕ್ಕಕ್ಕೆ ತಂದು ಮೇಲೆ ಬಟ್ಟೆ ಹಾಸಿ, ನೀರಿನ ತಂಬಿಗೆ, ಕನ್ನಡಕ ಇಡಲು ಆಗುತ್ತದೆ. ಮಾಲೀಕರು ಬಣ್ಣ ಹಚ್ಚಿಸುವ ವರ್ಷ ಬಂದಾಗ ನಿಮಗೆ ಬೇಕಾದ ಬಣ್ಣ ಮೊದಲೇ ಕೇಳಿ. ಹೇಗೂ ಖರ್ಚು ಮಾಡುವವರು ಸಾಮಾನ್ಯವಾಗಿ ಬೇಡ ಅನ್ನಲ್ಲ.